ಹೊಸ ಕಂಪ್ಯೂಟರ್‌ನಲ್ಲಿ ಹಳೇ ಪ್ರೋಗ್ರಾಂ: ಯಾಕೆ ಓಡುವುದಿಲ್ಲ, ಹೇಗೆ ಓಡಿಸುವುದು

ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಯಜಮಾನರೊಬ್ಬರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದ್ದರು. ಹಳೇ ಕಂಪ್ಯೂಟರ್ ಕೈಕೊಟ್ಟಿತ್ತು. ಮಗ ಮೈಸೂರಿನಿಂದ ಹೊಸದು ತಂದಿದ್ದ, ಲೆಕ್ಕದ ಫೋಲ್ಡರನ್ನು ಕಾಪಿ ಮಾಡಿಯೂ ಆಗಿತ್ತು. ಆದರೆ ಪ್ರೋಗ್ರಾಂ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತಿತ್ತು, ಅಷ್ಟೇ. ಹೊರಗೆ ಆಲೆಮನೆಗಳಿಂದ ಬೆಲ್ಲ ಹೊತ್ತ ಗಾಡಿಗಳು ನಿಂತಿವೆ, ಒಳಗೆ ಒಂದು ತಕ್‌ಪಟ್ಟಿ, ಅಂದರೆ ರೈತರಿಗೆ ಕೊಡುವ ತೂಕ, ದರದ ಚೀಟಿ, ಹಾಕಲು ಆಗುತ್ತಿಲ್ಲ. "ಹಳೇ ಡಬ್ಬ ಇಪ್ಪತ್ತೈದು ವರ್ಷ ಮಾಡಿದ ಕೆಲಸ ಈ ಹೊಸ ಮಿಷನ್‌ಗೆ ಬರಲ್ವಾ ಕಣಪ್ಪ?" ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ಮೈಸೂರು, ಮಂಡ್ಯ ಸುತ್ತ ನನಗೆ ತಿಂಗಳಿಗೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ. ಮಂಡಿ, ಪ್ರಿಂಟಿಂಗ್ ಪ್ರೆಸ್, ಸಹಕಾರ ಸಂಘ, ಶಾಲೆಯ ಆಫೀಸು, ಎಲ್ಲ ಕಡೆ ಒಂದೊಂದು ಹಳೇ ಪ್ರೋಗ್ರಾಂ ಇದೆ. ಬರೆದುಕೊಟ್ಟವರು ಎಲ್ಲಿದ್ದಾರೋ ಗೊತ್ತಿಲ್ಲ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಇಲ್ಲ. ಆದರೆ ಕೆಲಸ ಮಾತ್ರ ಅದರಲ್ಲೇ ಆಗಬೇಕು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ, ಇನ್‌ಸ್ಟಾಲ್ ಮಾಡುವುದು, ತೆಗೆಯುವುದು, ಮತ್ತೆ ಇನ್‌ಸ್ಟಾಲ್ ಮಾಡುವುದು. ಅದನ್ನು ದಯವಿಟ್ಟು ಬಿಡಿ. 'ಓಡುತ್ತಿಲ್ಲ' ಅನ್ನುವುದು ಒಂದೇ ಕಾಯಿಲೆ ಅಲ್ಲ. ಯಾವುದು ತಪ್ಪಿಹೋಗಿದೆ ಅಂತ ಮೊದಲು ಗೊತ್ತಾದರೆ ಮದ್ದು ಸಾಮಾನ್ಯವಾಗಿ ಸುಲಭ.

ಅದಕ್ಕೂ ಮುಂಚೆ ಒಂದು ಕೆಲಸ. ಡೇಟಾ ಉಳಿಸಿಕೊಳ್ಳಿ. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇ ಅಥವಾ ಸಾಟಾದಿಂದ (ಹಾರ್ಡ್ ಡಿಸ್ಕ್ ಜೋಡಿಸುವ ಎರಡು ಬಗೆ ಇವು) ಯುಎಸ್‌ಬಿಗೆ ಕೊಡುವ ಅಡಾಪ್ಟರ್ ಹಾಕಿ, ಪ್ರೋಗ್ರಾಂ ಇರುವ ಇಡೀ ಫೋಲ್ಡರನ್ನು ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿ. ಇದು ಮುಗಿಯುವ ತನಕ ಬೇರೆ ಏನನ್ನೂ ಮುಟ್ಟಬೇಡಿ. ಫಾಕ್ಸ್‌ಪ್ರೋ, ಡಿಬೇಸ್ ಅನ್ನುವ ಹಳೇ ಡೇಟಾಬೇಸ್ ಸಾಫ್ಟ್‌ವೇರ್‌ಗಳ ಕಾಲದ ಪ್ರೋಗ್ರಾಂ ಆಗಿದ್ದರೆ ಲೆಕ್ಕ ಇರುವುದು ಡಿಬಿಎಫ್ ಫೈಲುಗಳಲ್ಲಿ. ಅವನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಇವತ್ತೂ ನೇರವಾಗಿ ತೆರೆಯಬಹುದು. ಕಾಪಿಯನ್ನು ತೆರೆಯಿರಿ, ಅಸಲಿಯನ್ನಲ್ಲ. ಮಂಡಿಯ ಯಜಮಾನರಿಗೆ ನಾನು ಮೊದಲು ತೋರಿಸಿದ್ದು ಇದನ್ನೇ. ರೈತರ ಹೆಸರು, ಅಚ್ಚು, ಬಕೆಟ್, ಕುರಿಕಟ್ಟು ಅಂತ ಬೆಲ್ಲದ ಬಗೆ, ತೂಕ, ದರ, ಎಲ್ಲ ಸಾಲು ಸಾಲಾಗಿ ಕಂಡಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಪ್ರೋಗ್ರಾಂ ಓಡದಿದ್ದರೂ ಲೆಕ್ಕ ಎಲ್ಲೂ ಹೋಗಿಲ್ಲ ಅನ್ನುವ ಧೈರ್ಯ ಬಂದ ಮೇಲೆ ಉಳಿದ ಕೆಲಸವನ್ನು ನಿಧಾನವಾಗಿ ಮಾಡಬಹುದು, ಅಲ್ವಾ?

ಈಗ ಪ್ರೋಗ್ರಾಂ ಯಾವ ಕಾಲದ್ದು ಅಂತ ನೋಡೋಣ. ಅದರ ಇಎಕ್ಸ್‌ಇ ಫೈಲನ್ನು, ಅಂದರೆ ಓಡಿಸಲು ಡಬಲ್ ಕ್ಲಿಕ್ ಮಾಡುವ ಫೈಲನ್ನು, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸೇವ್ ಮಾತ್ರ ಮಾಡಬೇಡಿ. ಕಣ್ಣಿಗೆ ಕಸದಂತೆ ಕಂಡರೂ ಮೊದಲ ಎರಡು ಅಕ್ಷರ 'ಎಂ ಝಡ್' ಇರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಡಾಸ್ (ವಿಂಡೋಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಮ್) ಮೇಲೆ ಕೆಲಸ ಮಾಡಿದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು, ಇವತ್ತಿನ ವಿಂಡೋಸ್ 11ರ ಪ್ರೋಗ್ರಾಂಗಳಲ್ಲೂ ಹಾಗೇ ಕೂತಿವೆ. ಸ್ವಲ್ಪ ಕೆಳಗೆ 'ಪಿ ಇ' ಅಂತಿದ್ದು ಅದರ ಪಕ್ಕದಲ್ಲೇ ದೊಡ್ಡ 'ಎಲ್' ಇದ್ದರೆ ಅದು 32 ಬಿಟ್ ವಿಂಡೋಸ್ ಪ್ರೋಗ್ರಾಂ. (ಬಿಟ್ ಅಂದರೆ ಪ್ರೊಸೆಸರ್ ಒಂದೇ ಸಲಕ್ಕೆ ಎಷ್ಟು ದೊಡ್ಡ ಸಂಖ್ಯೆ ಹಿಡಿಯುತ್ತದೆ ಅನ್ನುವ ಅಳತೆ. ಇಲ್ಲಿ 16 ಹಳೇದು, 64 ಹೊಸದು.) 'ಪಿ ಇ' ಪಕ್ಕದಲ್ಲಿ ಚಿಕ್ಕ 'ಡಿ' ಇದ್ದರೆ 64 ಬಿಟ್. 'ಎನ್ ಇ' ಅಂತಿದ್ದರೆ ವಿಂಡೋಸ್ 3.1 ಕಾಲದ 16 ಬಿಟ್. ಇದ್ಯಾವುದೂ ಇಲ್ಲದಿದ್ದರೆ ಅದು ಬಹುತೇಕ ಡಾಸ್ ಪ್ರೋಗ್ರಾಂ. ಮಂಡಿಯದ್ದು ಡಾಸ್ ಪ್ರೋಗ್ರಾಂ ಆಗಿತ್ತು.

ಡಾಸ್ ಪ್ರೋಗ್ರಾಂ ಹೊಸ ವಿಂಡೋಸ್‌ನಲ್ಲಿ ಯಾಕೆ ಓಡುವುದಿಲ್ಲ? ಇದಕ್ಕೆ ಉತ್ತರ ಪ್ರೊಸೆಸರ್ ಒಳಗೇ ಇದೆ. ಡಾಸ್ ಹುಟ್ಟಿದ್ದು ಇಂಟೆಲ್ 1978ರಲ್ಲಿ ತಂದ 8086 ಕುಟುಂಬಕ್ಕೆ. ಆಗ ಒಂದು ಪ್ರೋಗ್ರಾಂ ಓಡುವಾಗ ಇಡೀ ಯಂತ್ರ ಅದರದೇ. ಸ್ಕ್ರೀನಿನ ಮೆಮೊರಿಗೆ ತಾನೇ ಬರೆಯುತ್ತಿತ್ತು, ಪ್ರಿಂಟರ್ ಪೋರ್ಟಿಗೆ ತಾನೇ ಕೈ ಹಾಕುತ್ತಿತ್ತು. ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದವರ ಹಾಗೆ, ಬಾವಿಯಿಂದ ಅಟ್ಟದ ತನಕ ಎಲ್ಲ ಕಡೆ ಸಲೀಸಾಗಿ ಓಡಾಡಿಕೊಂಡಿತ್ತು. ಆಮೇಲೆ ಬಂದ ವಿಂಡೋಸ್ ಅಪಾರ್ಟ್‌ಮೆಂಟ್ ಇದ್ದ ಹಾಗೆ. ಅಲ್ಲಿ ನೀರಿನ ಪೈಪನ್ನು ಯಾರೂ ನೇರವಾಗಿ ಮುಟ್ಟುವ ಹಾಗಿಲ್ಲ. ಆದರೂ 1985ರ 386 ಪ್ರೊಸೆಸರ್‌ನಲ್ಲಿ ಇಂಟೆಲ್ ಒಂದು ಉಪಾಯ ಇಟ್ಟಿತ್ತು, ವರ್ಚುವಲ್ 8086 ಮೋಡ್ ಅಂತ. ಡಾಸ್ ಪ್ರೋಗ್ರಾಂಗೆ ತನ್ನದೇ ತೊಟ್ಟಿಮನೆ ಇದೆ ಅಂತ ನಂಬಿಸುವ ವ್ಯವಸ್ಥೆ ಅದು. 32 ಬಿಟ್ ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಲ್ಲೂ, ವಿಂಡೋಸ್ 7ರಲ್ಲೂ ಡಾಸ್ ಪ್ರೋಗ್ರಾಂಗಳು ಓಡುತ್ತಿದ್ದದ್ದು ಇದರಿಂದಲೇ. 2003ರಲ್ಲಿ ಎಎಂಡಿ 64 ಬಿಟ್ ಪ್ರೊಸೆಸರ್ ತಂದಾಗ, ಅದರ 64 ಬಿಟ್ ಮೋಡ್‌ನಲ್ಲಿ ಈ ಉಪಾಯವನ್ನು ಕೈಬಿಟ್ಟರು. ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಮೈಕ್ರೋಸಾಫ್ಟ್ ತನ್ನ 64 ಬಿಟ್ ವಿಂಡೋಸ್‌ನಿಂದ 16 ಬಿಟ್ ಬೆಂಬಲವನ್ನೇ ತೆಗೆದುಹಾಕಿತು.

32 ಬಿಟ್ ಆವೃತ್ತಿ ಇದ್ದ ಕೊನೆಯ ವಿಂಡೋಸ್ ಅಂದರೆ ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಯಾವ ಸೆಟ್ಟಿಂಗ್ ಬದಲಾಯಿಸಿದರೂ ಡಾಸ್ ಪ್ರೋಗ್ರಾಂ ಅದರಲ್ಲಿ ತಾನಾಗಿ ಓಡುವುದಿಲ್ಲ. ಪ್ರೋಗ್ರಾಂನ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಗಂಟೆಗಟ್ಟಲೆ ಟಿಕ್ ಮಾಡಿ ಸೋತವರು ತುಂಬಾ ಜನ ಇದ್ದಾರೆ. ಅವರ ತಪ್ಪೇನಿಲ್ಲ. ಆ ಬಾಗಿಲೇ ಅಲ್ಲಿಲ್ಲ.

ದಾರಿ ಏನು ಅಂದರೆ, ಪ್ರೋಗ್ರಾಂ ಜೊತೆ ಅದರ ಮನೆಯನ್ನೂ ತರುವುದು. ಡಾಸ್‌ಬಾಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ. ಹಳೇ ಪ್ರೊಸೆಸರ್, ಹಳೇ ಸ್ಕ್ರೀನ್ ಕಾರ್ಡ್, ಕೀಬೋರ್ಡ್, ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುತ್ತದೆ. ವಿಂಡೋಸ್‌ನ ಒಂದು ಫೋಲ್ಡರನ್ನು ಅದರ ಸಿ ಡ್ರೈವ್ ಅಂತ ಮೌಂಟ್ ಮಾಡಿದರೆ, ಅಂದರೆ ಜೋಡಿಸಿ ತೋರಿಸಿದರೆ, ಪ್ರೋಗ್ರಾಂ ತಾನು 1995ರಲ್ಲೇ ಇದ್ದೇನೆ ಅಂತ ತಿಳಿದು ಓಡುತ್ತದೆ. ಈ ಮೌಂಟ್ ಸಾಲುಗಳನ್ನು ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನ ಕೊನೆಯ ಆಟೋಎಕ್ಸೆಕ್ ಭಾಗದಲ್ಲಿ ಬರೆದಿಟ್ಟರೆ ಐಕಾನ್ ಒತ್ತಿದ ಕೂಡಲೇ ನೇರವಾಗಿ ಮೆನು ಬರುತ್ತದೆ, ಕೆಲಸ ಮಾಡುವ ಹುಡುಗರಿಗೆ ಏನೂ ಹೊಸದಾಗಿ ಕಲಿಸಬೇಕಾಗಿಲ್ಲ.

ವೇಗ ಜಾಸ್ತಿ ಆದರೂ ಹಳೇ ಪ್ರೋಗ್ರಾಂ ಬೀಳುತ್ತದೆ ಅಂದರೆ ನಂಬುತ್ತೀರಾ? ಟರ್ಬೋ ಪ್ಯಾಸ್ಕಲ್ ಅನ್ನುವ ಆ ಕಾಲದ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು 'ರನ್‌ಟೈಮ್ ಎರರ್ 200' ಅಂತ ಹೇಳಿ ನಿಂತುಬಿಡುತ್ತವೆ. ಅವು ಶುರುವಾಗುವಾಗ ಒಂದು ಗಡಿಯಾರದ ಟಿಕ್‌ನಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ತಾವು ಎಷ್ಟು ಸುತ್ತು ಎಣಿಸಬಲ್ಲೆವು ಅಂತ ನೋಡಿ 55ರಿಂದ ಭಾಗಿಸುತ್ತವೆ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಪ್ರೊಸೆಸರ್‌ನಲ್ಲಿ ಭಾಗಲಬ್ಧ ಎಷ್ಟು ದೊಡ್ಡದಾಗುತ್ತದೆ ಅಂದರೆ, ಅದಕ್ಕೆ ಇಟ್ಟ 16 ಬಿಟ್ ಜಾಗ ಸಾಲುವುದಿಲ್ಲ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್ ಅನ್ನುವ ಸಂಖ್ಯೆ ಇಳಿಸಿ ವೇಗ ಕಡಿಮೆ ಮಾಡಿದರೆ ಈ ತೊಂದರೆ ಹೋಗುತ್ತದೆ.

ಆದರೆ ಮಂಡಿಗೆ ಮುಖ್ಯವಾಗಿದ್ದು ಪ್ರಿಂಟ್. ಹೆಚ್ಚಿನವರು ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಾಸ್ ಪ್ರೋಗ್ರಾಂಗೆ ಪ್ರಿಂಟರ್ ಅಂದರೆ ಎಲ್‌ಪಿಟಿ1 ಪೋರ್ಟ್, ಬೇರೆ ಗೊತ್ತಿಲ್ಲ. ಅದು ಅಕ್ಷರಗಳ ಮಧ್ಯೆ ಗುಟ್ಟಿನ ಸಂಕೇತಗಳನ್ನೂ ಕಳಿಸುತ್ತದೆ. ಉದಾಹರಣೆಗೆ 15 ಅನ್ನುವ ಸಂಕೇತ ಬಂದರೆ ಎಪ್ಸನ್ ಪದ್ಧತಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಕ್ಷರಗಳನ್ನು ಒತ್ತೊತ್ತಾಗಿ ಹೊಡೆಯುತ್ತದೆ. ಒಂದೇ ಅಗಲದ ಕಾಗದದಲ್ಲಿ ಜಾಸ್ತಿ ಕಾಲಂ ಕೂರಿಸಲು ಎಲ್ಲರೂ ಇದನ್ನೇ ಬಳಸಿದ್ದರು. ಈಗಿನ ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಈ ಭಾಷೆಯೇ ಬರುವುದಿಲ್ಲ. ಅವು ವಿಂಡೋಸ್ ಬಿಡಿಸಿಕೊಟ್ಟ ಚಿತ್ರವನ್ನು ಮಾತ್ರ ಹೊಡೆಯುತ್ತವೆ. ಹಾಗಾಗಿ ಖಾಲಿ ಹಾಳೆ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ.

ಮೂಲ ಡಾಸ್‌ಬಾಕ್ಸ್ ಮಾಡಿದ್ದು ಆಟಗಳಿಗೆ, ಅದರಲ್ಲಿ ಪ್ರಿಂಟ್ ವ್ಯವಸ್ಥೆ ಇಲ್ಲ. ಅದರಿಂದ ಬೆಳೆದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಇದೆ. ಎರಡು ರೀತಿ ಮಾಡಬಹುದು. ಒಂದು, ಡಾಸ್‌ಬಾಕ್ಸ್-ಎಕ್ಸ್ ತಾನೇ ಎಪ್ಸನ್ ಪ್ರಿಂಟರ್ ಥರ ನಟಿಸಿ, ಬಂದದ್ದನ್ನು ಪುಟವಾಗಿ ಮಾಡಿ ವಿಂಡೋಸ್ ಪ್ರಿಂಟರ್‌ಗೆ ಕೊಡುತ್ತದೆ. ಲೇಸರ್ ಪ್ರಿಂಟರ್ ಇದ್ದವರಿಗೆ ಇದು. ಎರಡನೆಯದು, ಎಲ್‌ಪಿಟಿ1ಕ್ಕೆ ಹೋಗುವುದನ್ನೆಲ್ಲ ಒಂದು ಫೈಲಿಗೆ ಇಳಿಸಿ, ಆ ಫೈಲನ್ನು ಒಂದಕ್ಷರ ಬದಲಾಗದಂತೆ ಪ್ರಿಂಟರ್‌ಗೆ ಕಳಿಸುವುದು. ಅದಕ್ಕೆ ಪ್ರಿಂಟರನ್ನು ಶೇರ್ ಮಾಡಿ, ಕಾಪಿ ಕಮಾಂಡ್‌ಗೆ ಬೈನರಿ ಅನ್ನುವ 'ಬಿ' ಸ್ವಿಚ್ ಹಾಕಿ ಶೇರ್ ಹೆಸರಿಗೆ ಕಳಿಸಿದರೆ ಸಾಕು. ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡಿರುವವರಿಗೆ ಇದೇ ವಾಸಿ, ಅಕ್ಷರ ಹಳೇ ತಕ್‌ಪಟ್ಟಿಯಲ್ಲಿ ಇದ್ದ ಹಾಗೇ ಬರುತ್ತದೆ, ಕಾರ್ಬನ್ ಕಾಪಿಯೂ ಸಿಗುತ್ತದೆ. ಮಂಡಿಯಲ್ಲಿ ನಾನು ಮಾಡಿದ್ದು ಎರಡನೆಯದನ್ನು.

ಒಂದು ಎಚ್ಚರಿಕೆ. ಮೂರ್ನಾಲ್ಕು ಕಂಪ್ಯೂಟರ್‌ಗಳಿಂದ ಒಂದೇ ಡೇಟಾ ಫೈಲಿಗೆ ಏಕಕಾಲಕ್ಕೆ ಬರೆಯುವ ಪ್ರೋಗ್ರಾಂ ಆಗಿದ್ದರೆ ಡಾಸ್‌ಬಾಕ್ಸ್ ನೆಚ್ಚಿಕೊಳ್ಳಬೇಡಿ. ಇಬ್ಬರು ಒಂದೇ ಸಾಲು ತಿದ್ದದಂತೆ ತಡೆಯುವ ಲಾಕ್ ಸರಿಯಾಗಿ ಆಗದಿದ್ದರೆ ಲೆಕ್ಕ ಕೆಡುತ್ತದೆ, ಕೆಟ್ಟದ್ದು ಎಷ್ಟೋ ದಿನ ಗೊತ್ತೂ ಆಗುವುದಿಲ್ಲ.

16 ಬಿಟ್ ವಿಂಡೋಸ್ ಪ್ರೋಗ್ರಾಂ ಆಗಿದ್ದರೆ ವೈನ್‌ವಿಡಿಎಂ ಅನ್ನುವ ಉಚಿತ ಸಾಧನ ನೋಡಿ. ಇನ್ನೊಂದು ವಿಚಿತ್ರ ಸಂದರ್ಭ ಇದೆ. ಪ್ರೋಗ್ರಾಂ 32 ಬಿಟ್ಟೇ ಇರುತ್ತದೆ, ಆದರೆ ಅದರ ಸೆಟಪ್ ಮಾತ್ರ 16 ಬಿಟ್. 90ರ ದಶಕದ ಸಿಡಿಗಳಲ್ಲಿ ಇದು ಮಾಮೂಲಿ. ಕೆಲವು ಹೆಸರಾದ ಸೆಟಪ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ 32 ಬಿಟ್ಟಿನದನ್ನು ಬದಲಿಗೆ ಓಡಿಸುತ್ತದೆ. ಉಳಿದವಕ್ಕೆ ಹಳೇ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಫೋಲ್ಡರನ್ನೇ ತಂದು ನೋಡಿ.

32 ಬಿಟ್ ಪ್ರೋಗ್ರಾಂಗಳ ಕಥೆ ಬೇರೆ. ಅವು 64 ಬಿಟ್ ವಿಂಡೋಸ್‌ನಲ್ಲಿ ಓಡಲೇಬೇಕು, ಅದಕ್ಕೆ ಬೇಕಾದ ಏರ್ಪಾಡು ಒಳಗೇ ಇದೆ. ಓಡದಿದ್ದರೆ ಕಾರಣ ಸಾಮಾನ್ಯವಾಗಿ ಚಿಕ್ಕದು.

ಮೈಸೂರಿನ ಒಂದು ಶಾಲೆಯ ಆಫೀಸಿನಲ್ಲಿ ಫೀಸ್ ಪ್ರೋಗ್ರಾಂ ಹೊಸ ಕಂಪ್ಯೂಟರ್‌ಗೆ ಬಂತು. ಚೆನ್ನಾಗಿಯೇ ಓಡಿತು. ಹದಿನೈದು ದಿನದ ಮೇಲೆ ಬೇರೊಬ್ಬರು ತಮ್ಮ ಲಾಗಿನ್‌ನಲ್ಲಿ ತೆರೆದರೆ ಹದಿನೈದು ದಿನದ ಎಂಟ್ರಿ ಒಂದೂ ಇಲ್ಲ! ಎಂಟ್ರಿ ಹಾಕಿದ್ದ ಮೇಡಂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಯಾರೂ ಅಳಿಸಿರಲಿಲ್ಲ. ಆದದ್ದು ಇಷ್ಟು. ಎಕ್ಸ್‌ಪಿ ಕಾಲದಲ್ಲಿ ಹೆಚ್ಚಿನವರು ಅಡ್ಮಿನ್ ಆಗಿಯೇ ಲಾಗಿನ್ ಆಗುತ್ತಿದ್ದರು, ಪ್ರೋಗ್ರಾಂಗಳು ತಮ್ಮ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೇ ಬರೆಯುತ್ತಿದ್ದವು. ಎಕ್ಸ್‌ಪಿ ನಂತರದ ವಿಂಡೋಸ್ ವಿಸ್ಟಾ ಬಂದ ಮೇಲೆ ಅಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕಾಯಿತು. ಹಳೇ ಪ್ರೋಗ್ರಾಂ ಬೀಳದಿರಲಿ ಅಂತ ವಿಂಡೋಸ್ ಒಂದು ಕೆಲಸ ಮಾಡುತ್ತದೆ, ಆ ಬರಹವನ್ನು ಸದ್ದಿಲ್ಲದೆ ಆ ಬಳಕೆದಾರರ ಆ್ಯಪ್‌ಡೇಟಾ ಒಳಗಿನ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರ್‌ಗೆ ತಿರುಗಿಸುತ್ತದೆ. ಅಂದರೆ ಒಬ್ಬೊಬ್ಬರಿಗೆ ಒಂದೊಂದು ಡೇಟಾ. ಮೇಡಂ ಅವರ ಎಂಟ್ರಿಗಳು ಅವರ ವರ್ಚುವಲ್‌ಸ್ಟೋರ್‌ನಲ್ಲಿ ಭದ್ರವಾಗಿದ್ದವು. ಮದ್ದು ಸುಲಭ. ಹಳೇ ಪ್ರೋಗ್ರಾಂಗಳನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಕಲೇಬೇಡಿ. ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ, ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟು, ಅಲ್ಲಿ ಇನ್‌ಸ್ಟಾಲ್ ಮಾಡಿ.

ಕಂಪ್ಯಾಟಿಬಿಲಿಟಿ ಟ್ಯಾಬ್ ಉಪಯೋಗಕ್ಕೆ ಬರುವುದು ಇಂಥ 32 ಬಿಟ್ ಪ್ರೋಗ್ರಾಂಗಳಿಗೆ. ಎಕ್ಸ್‌ಪಿ ಅಂತ ಆರಿಸಿದರೆ ವಿಂಡೋಸ್ ಏನೂ ಎಕ್ಸ್‌ಪಿ ಆಗಿಬಿಡುವುದಿಲ್ಲ. ಪ್ರೋಗ್ರಾಂ ನೀನು ಯಾರು ಅಂತ ಕೇಳಿದಾಗ 5.1 ಅಂತ ಸುಳ್ಳು ಹೇಳುತ್ತದೆ, ಅದು ಎಕ್ಸ್‌ಪಿಯ ಒಳಗಿನ ಸಂಖ್ಯೆ. ಜೊತೆಗೆ ಹಳೇ ವಿಂಡೋಸ್ ನಡೆದುಕೊಳ್ಳುತ್ತಿದ್ದ ಕೆಲವು ರೀತಿಗಳನ್ನೂ ನಟಿಸುತ್ತದೆ. ವರ್ಷನ್ ಸಂಖ್ಯೆ ನೋಡಿ ಹಠ ಹಿಡಿಯುವ ಪ್ರೋಗ್ರಾಂಗಳಿಗೆ ಈ ಒಂದು ಸುಳ್ಳೇ ಸಾಕಾಗುತ್ತದೆ.

'ಇಂಥ ಓಸಿಎಕ್ಸ್ ಫೈಲ್ ಇಲ್ಲ' ಅಂತ ಬಂದರೆ ಅದು ಬಹುಶಃ ವಿಷುಯಲ್ ಬೇಸಿಕ್ 6 ಅನ್ನುವ ಹಳೇ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದದ್ದು. ಓಸಿಎಕ್ಸ್ ಅಂದರೆ ಪ್ರೋಗ್ರಾಂ ನೆಚ್ಚಿಕೊಂಡಿರುವ ಸಹಾಯಕ ಫೈಲು. ಆ ಫೈಲನ್ನು ಹಳೇ ಕಂಪ್ಯೂಟರ್‌ನಿಂದ ತಂದು ರಿಜಿಸ್ಟರ್ ಮಾಡಬೇಕು. ಇಲ್ಲೊಂದು ತಲೆ ತಿರುಗಿಸುವ ಹೆಸರಿನ ಗೊಂದಲ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಫೋಲ್ಡರ್‌ನಲ್ಲಿ ಇರುವುದು 32 ಬಿಟ್ ಫೈಲುಗಳು. ಹೌದು, ಉಲ್ಟಾ. ನಿಮ್ಮ ಓಸಿಎಕ್ಸ್ ಹೋಗಬೇಕಾದ್ದು ಸಿಸ್‌ವಾವ್64ಕ್ಕೆ, ಅಲ್ಲಿರುವ ರೆಗ್‌ಸರ್ವರ್32 (regsvr32) ಬಳಸಿಯೇ ರಿಜಿಸ್ಟರ್ ಮಾಡಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆಯುವುದನ್ನು ಮರೆಯಬೇಡಿ.

ಕನ್ನಡದವರಿಗೆ ಇನ್ನೂ ಒಂದು ತಾಪತ್ರಯ ಇದೆ, ಅದು ನನ್ನ ಮನಸ್ಸಿಗೆ ಹತ್ತಿರವಾದದ್ದು. ಮೈಸೂರಿನ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆಯಿಂದ ಸ್ಮರಣ ಸಂಚಿಕೆಯ ತನಕ ಎಷ್ಟೋ ವರ್ಷಗಳ ಕೆಲಸ ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್‌ನ ಫೈಲುಗಳಲ್ಲಿ, ನುಡಿ ಥರದ ಹಳೇ ಫಾಂಟುಗಳಲ್ಲಿ ಇದೆ. ಈ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ದೊಡ್ಡ 'ಪಿ' ಇರುವ ಜಾಗದಲ್ಲಿ 'ಕ'ದ ಮೈ, ಅದರ ತಲೆಕಟ್ಟು ಇನ್ನೊಂದು ಜಾಗದಲ್ಲಿ. ಕಂಪ್ಯೂಟರ್‌ಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದು ಕೆಟ್ಟ ಫೈಲಲ್ಲ, ಫಾಂಟ್ ಹಾಕಿದರೆ ಸರಿಹೋಗುತ್ತದೆ. ಆದರೆ ಪ್ರಶ್ನಾರ್ಥಕ ಚಿಹ್ನೆಗಳೋ ಚೌಕಗಳೋ ಕಂಡರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಯುನಿಕೋಡ್ ಅಲ್ಲದ ಪ್ರೋಗ್ರಾಂಗಳ ಭಾಷೆ ಅಂತ ಇರುವುದನ್ನು ನೋಡಿ. ಅದು ಇಂಗ್ಲಿಷ್ ಆಗಿರಬೇಕು, ಕೆಳಗಿರುವ ಯುಟಿಎಫ್-8 ಬೀಟಾ ಅನ್ನುವ ಟಿಕ್ ತೆಗೆದಿರಬೇಕು. ಚಿಹ್ನೆ, ಚೌಕಗಳು ಕಾಣುತ್ತಿರುವ ತನಕ ಯಾವ ಹಳೇ ಫೈಲನ್ನೂ ಸೇವ್ ಮಾಡಬೇಡಿ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅಡೋಬಿಯವರ ಇನ್‌ಡಿಸೈನ್ ಈ ಫೈಲುಗಳನ್ನು ಸಿಎಸ್6 ತನಕ ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಹಾಗಾಗಿ ಪೇಜ್‌ಮೇಕರ್ ಇನ್ನೂ ಓಡುತ್ತಿರುವಾಗಲೇ ಪಠ್ಯವನ್ನು ಹೊರತೆಗೆದು, ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಟ್ಟುಕೊಳ್ಳಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಬೀದಿ ಇದೆ, ಅಲ್ಲಿ 'ಕ' ಅಂದರೆ ಎಲ್ಲ ಕಂಪ್ಯೂಟರ್‌ಗೂ 'ಕ'ನೇ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪುವುದು ಹೆಚ್ಚಾಗಿ ಅಲ್ಲೇ.

ಇನ್ನು ಹಾರ್ಡ್‌ವೇರ್. ಇಲ್ಲಿ ವಿಂಡೋಸ್‌ಗೆ ಸುಳ್ಳು ಹೇಳಿ ಸಾಗಹಾಕಲು ಆಗುವುದಿಲ್ಲ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಡ್ರೈವರೇ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಬೇಕು, ತಯಾರಕರು ಕೊಡದಿದ್ದರೆ ಆ ಸಾಧನ ಅಲ್ಲಿಗೆ ನಿಂತಿತು. ಪ್ರೋಗ್ರಾಂನ ಕಳ್ಳ ನಕಲು ತಡೆಯಲು ಪ್ರಿಂಟರ್ ಪೋರ್ಟಿಗೆ ಚುಚ್ಚುವ ಹಳೇ ಡಾಂಗಲ್‌ಗಳಲ್ಲಿ ಎಷ್ಟೋ ಹೀಗೇ ಕೈಕೊಡುತ್ತವೆ. ತೂಕದ ಯಂತ್ರಗಳದ್ದು ಅಷ್ಟು ಕಷ್ಟ ಇಲ್ಲ. ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಇರಲಿ, ಮಂಡಿಯ ತಕ್ಕಡಿ ಇರಲಿ, ಹೆಚ್ಚಿನವು ಸೀರಿಯಲ್ ಪೋರ್ಟಿನಲ್ಲಿ ಸುಮ್ನೆ ಅಂಕಿ ಕಳಿಸುತ್ತವೆ ಅಷ್ಟೇ. ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿದರೆ ಅದಕ್ಕೆ ಕಾಂ7 ಅಂತಲೋ ಏನೋ ಹೆಸರು ಬರುತ್ತದೆ, ಪ್ರೋಗ್ರಾಂ ಕಾಂ1 ಹುಡುಕುತ್ತಾ ಕೂರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ ಸಂಖ್ಯೆ ಬದಲಾಯಿಸಿ.

ಇದ್ಯಾವುದೂ ಆಗದಿದ್ದರೆ ಕೊನೆಗೆ ಇಡೀ ಹಳೇ ಕಂಪ್ಯೂಟರನ್ನೇ ಹೊಸದರೊಳಗೆ ಇಡಬಹುದು. ವರ್ಚುವಲ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪಿ ಹಾಕಿ, ಅದರೊಳಗೆ ಪ್ರೋಗ್ರಾಂ ಹಾಕುವುದು ಒಂದು ರೀತಿ. ಸೆಟಪ್ ಸಿಡಿಯೇ ಇಲ್ಲ ಅನ್ನುವವರು ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಥರದ ಸಾಧನದಿಂದ ಹಳೇ ಹಾರ್ಡ್ ಡಿಸ್ಕನ್ನೇ ಒಂದು ಫೈಲಾಗಿ ಮಾಡಿಕೊಳ್ಳಬಹುದು. ಹಾಗೆ ತಂದ ಎಕ್ಸ್‌ಪಿ ಶುರುವಾಗುವಾಗಲೇ ನೀಲಿ ಪರದೆ ತೋರಿಸಿದರೆ ಹೆದರಬೇಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಡಿಸ್ಕನ್ನು ಸಾಟಾ ಬದಲು ಐಡಿಇಗೆ ಸೇರಿಸಿ, ಎಕ್ಸ್‌ಪಿಗೆ ಸಾಟಾ ಡ್ರೈವರ್ ಜೊತೆಯಲ್ಲಿ ಬಂದಿಲ್ಲ. ಎಕ್ಸ್‌ಪಿ ಲೈಸೆನ್ಸ್ ನಿಮ್ಮದೇ ಇರಬೇಕು, ಹೊಸ ಯಂತ್ರ ಅಂತ ತಿಳಿದು ಅದು ಮತ್ತೆ ಆಕ್ಟಿವೇಶನ್ ಕೇಳುವ ಸಾಧ್ಯತೆಯೂ ಇದೆ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ರಂದು. ಆದ್ದರಿಂದ ಆ ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ಸೆಟ್ಟಿಂಗ್‌ನಲ್ಲೇ ಆಫ್ ಮಾಡಿ. ಫೈಲ್ ಹೋಗಿ ಬರಲು ಒಂದು ಶೇರ್‌ಡ್ ಫೋಲ್ಡರ್ ಸಾಕು. ಅಲ್ಲಿ ಬ್ರೌಸರ್ ತೆರೆಯುವುದು, ಬ್ಯಾಂಕ್ ಕೆಲಸ ಮಾಡುವುದು ಬೇಡವೇ ಬೇಡ.

ಮಂಡಿಯಲ್ಲಿ ಇಷ್ಟೆಲ್ಲ ಬೇಕಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಮೆನು ಬಂತು, ಡಾಟ್ ಮ್ಯಾಟ್ರಿಕ್ಸ್ ಕರ ಕರ ಅಂತ ಮೊದಲ ತಕ್‌ಪಟ್ಟಿ ಹೊಡೆಯಿತು. ಯಜಮಾನರು ಅದನ್ನು ಹರಿದು ಹಳೇದರ ಪಕ್ಕ ಇಟ್ಟು ಕಾಲಂ ಕಾಲಂ ನೋಡಿದರು. ನಾನು ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಡೇಟಾ ಇರುವ ಫೋಲ್ಡರ್, ಕಾನ್ಫಿಗ್ ಫೈಲ್ ಇರುವ ಜಾಗ, ಪ್ರಿಂಟರ್‌ನ ಶೇರ್ ಹೆಸರು, ದಿನಾ ಸಂಜೆ ಪೆನ್ ಡ್ರೈವ್‌ಗೆ ಕಾಪಿ ಮಾಡಬೇಕಾದ ಫೈಲುಗಳು, ಇಷ್ಟನ್ನೂ ಬರೆದು ಮಾನಿಟರ್ ಹಿಂದೆ ಅಂಟಿಸಿದೆ.